ಪದ ಪರಿಚಯ: ಖಾಸಗಿ ವಲಸೆ ಬಂಧನ ಕೇಂದ್ರ

2025ರ ಫೆಬ್ರುವರಿಯಲ್ಲಿ ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿದ ಮೇಲೆ, ಮಕ್ಕಳನ್ನು ಆ ದೇಶಕ್ಕೆ ಕಳುಹಿಸಿರುವ ದಾವಣಗೆರೆಯ ತಂದೆತಾಯಂದಿರಿಗೂ ಈ ಪದ ಕಿವಿಗೆ ಬೀಳತೊಡಗಿತು. ಇದನ್ನು ಜೈಲು ಎಂದುಕೊಂಡರೆ ಅರ್ಧ ಮಾತ್ರ ಸರಿ.

ಚಿತ್ರದುರ್ಗದ ಜಿಲ್ಲಾ ಕಾರಾಗೃಹದಲ್ಲಿರುವ ವಿಚಾರಣಾಧೀನ ಕೈದಿಯ ಮೇಲೆ ಅಪರಾಧದ ಆರೋಪವಿರುತ್ತದೆ. ವಕೀಲರನ್ನಿಡಲು ಅವನ ಬಳಿ ಹಣವಿಲ್ಲದಿದ್ದರೆ ಸರ್ಕಾರವೇ ಒದಗಿಸಬೇಕು. ವಲಸೆ ಬಂಧನ ಹಾಗಲ್ಲ. ಬಂದವರು ಉಳಿಯಬಹುದೇ, ಹೊರಡಬೇಕೇ ಎಂಬುದು ತೀರ್ಮಾನವಾಗುವವರೆಗೆ ಕೂಡಿಡುವ ಸಿವಿಲ್ ಕ್ರಮ ಅದು. ಕಾನೂನಿನ ಕಣ್ಣಿನಲ್ಲಿ ಶಿಕ್ಷೆಯೇ ಅಲ್ಲ. ಶಿಕ್ಷೆಯಲ್ಲದ ಕಾರಣಕ್ಕೇ ಸರ್ಕಾರಿ ಖರ್ಚಿನ ವಕೀಲರೂ ಸಾಮಾನ್ಯವಾಗಿ ಸಿಗುವುದಿಲ್ಲ. ಮುಳ್ಳುತಂತಿ, ಸಮವಸ್ತ್ರ, ತಲೆ ಎಣಿಕೆ ಮಾತ್ರ ಥೇಟ್ ಜೈಲಿನವೇ.

ಇನ್ನು 'ಖಾಸಗಿ'. 1983ರಲ್ಲಿ ಹುಟ್ಟಿ, ಈಗ ಕೋರ್‌ಸಿವಿಕ್ ಎನಿಸಿಕೊಂಡಿರುವ ಕಂಪನಿ ಮರುವರ್ಷ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಮೋಟೆಲೊಂದನ್ನು ಬಾಡಿಗೆಗೆ ಹಿಡಿದು ವಲಸಿಗರನ್ನು ಕೂಡಿಹಾಕುವ ಮೂಲಕ ಈ ವ್ಯವಹಾರ ಆರಂಭಿಸಿತು. ಇಂದು ಅಮೆರಿಕದ ವಲಸೆ ಬಂಧಿಗಳಲ್ಲಿ ಬಹುಪಾಲು ಜನ ಇರುವುದು ಕಂಪನಿಗಳು ನಡೆಸುವ ಕೇಂದ್ರಗಳಲ್ಲಿ. ಸ್ಯಾನ್ ಡಿಯೇಗೊ ಬಳಿ, ಮೆಕ್ಸಿಕೊ ಗಡಿಯ ಪಕ್ಕದಲ್ಲೇ 2015ರಲ್ಲಿ ತೆರೆದ ಓಟೈ ಮೆಸಾ ಕೇಂದ್ರದ ಕಟ್ಟಡವೂ ಕೋರ್‌ಸಿವಿಕ್‌ನದೇ, ಕಾವಲೂ ಅದರದೇ. ಕೋವಿಡ್‌ನಿಂದ ವಲಸೆ ಬಂಧಿಯೊಬ್ಬರು ಮೊದಲು ಸತ್ತದ್ದು 2020ರ ಮೇನಲ್ಲಿ, ಇಲ್ಲಿದ್ದವರೇ.

ಸರ್ಕಾರ ಕೊಡುವ ಹಣಕ್ಕೆ ಲೆಕ್ಕ ಹಾಸಿಗೆಯದು. ಅನೇಕ ಒಪ್ಪಂದಗಳಲ್ಲಿ ಇಂತಿಷ್ಟು ಹಾಸಿಗೆಗಳ ದುಡ್ಡು ಖಾತರಿ. ಉಂಡರೂ ಬಿಟ್ಟರೂ ತಿಂಗಳ ಹಣ ಕಟ್ಟಬೇಕಾದ ಹಾಸ್ಟೆಲ್ ಮೆಸ್ಸಿನಂತೆ. ಖಾಲಿ ಹಾಸಿಗೆಗೂ ಹಣ ತೆರುವ ಸರ್ಕಾರಕ್ಕೆ ಅದನ್ನು ತುಂಬಬೇಕೆನಿಸದೇ ಇದ್ದೀತೆ? ಒಳಗೆ ಅಡುಗೆ, ಸ್ವಚ್ಛತೆಯ ಕೆಲಸ ಮಾಡುವ ಬಂಧಿಗಳ ದಿನಗೂಲಿ ಬಹಳ ಕಡೆ ಒಂದೇ ಡಾಲರ್. ಕೆಲಸಕ್ಕೆ 'ಸ್ವಯಂಪ್ರೇರಿತ' ಎಂಬ ಚಂದದ ಹೆಸರು ಬೇರೆ.

ನಮ್ಮಲ್ಲೂ ವಿದೇಶಿಯರ ಬಂಧನ ಕೇಂದ್ರಗಳಿವೆ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ನೆಲಮಂಗಲದ ಹತ್ತಿರ, ಸೊಂಡೆಕೊಪ್ಪದಲ್ಲಿ, ಹಿಂದೆ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡದಲ್ಲಿ ಒಂದಿದೆ. ಆದರೆ ಅದು ಸರ್ಕಾರದ್ದು. ಲಾಭದ ಕಂಪನಿ ನಡುವೆ ಇಲ್ಲ.

ಅಮೆರಿಕದಲ್ಲಿ ಬಂಧಿತರಾದವರನ್ನು ಹುಡುಕಲು ಅಲ್ಲಿನ ವಲಸೆ ಇಲಾಖೆಯ ಜಾಲತಾಣದಲ್ಲಿ ಸೌಲಭ್ಯವಿದೆ. 'ಎ' ಅಕ್ಷರದಿಂದ ಆರಂಭವಾಗುವ ವಲಸೆ ಸಂಖ್ಯೆ ಮತ್ತು ಹುಟ್ಟಿದ ದೇಶ ನಮೂದಿಸಿದರೆ ಯಾವ ಕೇಂದ್ರವೆಂದು ತಿಳಿಯುತ್ತದೆ. ಸಂಖ್ಯೆ ಗೊತ್ತಿಲ್ಲದವರು ಹೆಸರಿನಿಂದಲೂ ಹುಡುಕಬಹುದು, ಆದರೆ ಕಾಗುಣಿತ ದಾಖಲೆಯಲ್ಲಿರುವಂತೆಯೇ ಇರಬೇಕು.