ಶಾಸನವಿಲ್ಲದ ಗೋರಿಯ ಕಾಲವನ್ನು ಮಡಕೆಯಿಂದ ತಿಳಿಯುವುದು ಹೇಗೆ?

ಪ್ರಶ್ನೆ: ಈಜಿಪ್ಟಿನಲ್ಲಿ ಬರಹ ಹುಟ್ಟುವ ಮುಂಚಿನ ಗೋರಿಗಳಲ್ಲಿ ಸಿಗುವುದು ಹೆಚ್ಚಾಗಿ ಮಡಕೆ, ಕಲ್ಲಿನ ಉಪಕರಣಗಳು. ಅಷ್ಟರಿಂದಲೇ ಅವುಗಳ ಕಾಲವನ್ನು ಹೇಗೆ ಹೇಳುತ್ತಾರೆ?

ಉತ್ತರ: ಮಡಕೆಯಿಂದ ಮೊದಲು ತಿಳಿಯುವುದು ಯಾವುದು ಮುಂಚಿನದು, ಯಾವುದು ಆಮೇಲಿನದು ಎಂಬ ಸರದಿ ಮಾತ್ರ. ವರ್ಷದ ಲೆಕ್ಕ ಬೇರೆ ಕಡೆಯಿಂದ ಬರಬೇಕು.

ಈ ಸರದಿಯ ದಾರಿ ತೋರಿದವರು ಬ್ರಿಟಿಷ್ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ. 1894–95ರಲ್ಲಿ ದಕ್ಷಿಣ ಈಜಿಪ್ಟಿನ ನಕಾದಾ ಎಂಬಲ್ಲಿ ಅವರ ತಂಡ ಅಗೆದ ಗೋರಿಗಳು ಒಂದರ ಮೇಲೊಂದು ಪದರವಾಗಿ ಇರಲಿಲ್ಲ, ರಾಜರ ಹೆಸರೂ ಇರಲಿಲ್ಲ. ಮುಂದೆ ಪೆಟ್ರಿ ಸುಮಾರು 900 ಗೋರಿಗಳನ್ನು ಆರಿಸಿ, ಒಂದೊಂದರಲ್ಲಿ ಸಿಕ್ಕ ಮಡಕೆಗಳ ಬಗೆಯನ್ನು ಒಂದೊಂದು ರಟ್ಟಿನ ಪಟ್ಟಿಯ ಮೇಲೆ ಬರೆದರು. ಒಂದೇ ಬಗೆಯ ಮಡಕೆಗಳಿದ್ದ ಪಟ್ಟಿಗಳು ಅಕ್ಕಪಕ್ಕ ಬರುವಂತೆ ಜೋಡಿಸುತ್ತ ಹೋದರು.

ಆದರೆ ಸಾಲಿನ ಯಾವ ತುದಿ ಹಳೆಯದು? ಸುಳಿವು ಕೊಟ್ಟದ್ದು ಅಲೆಯಲೆಯಾದ ಹಿಡಿಯ ಜಾಡಿ. ಒಂದು ತುದಿಯಲ್ಲಿ ಅದರದು ದುಂಡು ಹೊಟ್ಟೆ, ಎತ್ತಲು ಅನುಕೂಲವಾದ ಹಿಡಿ. ಇನ್ನೊಂದು ತುದಿಗೆ ಬರುವಷ್ಟರಲ್ಲಿ ಮೈ ಕೊಳವೆಯಂತಾಗಿದೆ, ಹಿಡಿಯಿದ್ದ ಜಾಗದಲ್ಲಿ ಬರೀ ಅಲಂಕಾರದ ಗೆರೆ ಉಳಿದಿದೆ. ಕೆಲಸಕ್ಕೆ ಬರುತ್ತಿದ್ದ ಹಿಡಿ ಕಾಲಕ್ರಮದಲ್ಲಿ ಗೆರೆಯಾಗುವುದು ಸಹಜ, ಹಾಗಾಗಿ ಹಿಡಿಯಿರುವ ಕಡೆಯೇ ಹಳೆಯದು ಎಂದು ಅವರು ತೀರ್ಮಾನಿಸಿದರು. ಸಾಲಿಗೆ 30ರಿಂದ 80ರವರೆಗೆ ಅಂಕೆ ಕೊಟ್ಟು, ಇನ್ನೂ ಹಳೆಯವು ಸಿಕ್ಕಾವೆಂದು 30ರ ಕೆಳಗಿನ ಅಂಕೆಗಳನ್ನು ಖಾಲಿ ಬಿಟ್ಟರು. ಅವರ ಈ ಮುಂದಾಲೋಚನೆ ನನಗೆ ತುಂಬ ಇಷ್ಟ. 1920ರ ದಶಕದಲ್ಲಿ ನಕಾದಾಕ್ಕಿಂತ ಹಳೆಯದಾದ ಬದಾರಿ ಸಂಸ್ಕೃತಿ ಬೆಳಕಿಗೆ ಬಂತು. ಬದಾರಿಯ ಹತ್ತಿರದ ಹೆಮಾಮಿಯೆಯಲ್ಲಿ ಪುರಾತತ್ತ್ವಜ್ಞೆ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಪದರ ಪದರವಾಗಿ ಅಗೆದಾಗ ಬದಾರಿಯ ಚೂರುಗಳು ನಕಾದಾ ಚೂರುಗಳಿಗಿಂತ ಕೆಳಗೇ ಸಿಕ್ಕವು.

ಕಲ್ಲಿನ ಉಪಕರಣಗಳ ವಿಷಯದಲ್ಲಿ ಎಚ್ಚರ ಬೇಕು. ಕಲ್ಲು ಸಿಕ್ಕಿತೆಂದ ಮಾತ್ರಕ್ಕೆ ಅದು ಶಿಲಾಯುಗವಲ್ಲ: ಕುಡುಗೋಲಿಗೆ ಕೂರಿಸುವ ಚಕಮಕಿ ಕಲ್ಲಿನ ಅಲಗುಗಳು ಫೇರೋಗಳ ಕಾಲದಲ್ಲೂ ಬಳಕೆಯಲ್ಲಿದ್ದವು. ಆದರೆ ಒಂದು ಮೈಮೇಲೆ ಅಲೆಗಳಂತೆ ಸಾಲಾಗಿ ಚಕ್ಕೆ ಎಬ್ಬಿಸಿದ ತೆಳುವಾದ ಚೂರಿ ಸಿಕ್ಕರೆ, ಅದು ನಕಾದಾ ಸಂಸ್ಕೃತಿಯ ಎರಡನೆಯ ಘಟ್ಟದ ನುರಿತ ಕೈಗಳ ಕೆಲಸ ಎನ್ನಬಹುದು.

ಇನ್ನು ವರ್ಷಗಳು. ಅದೇ ಗೋರಿಯ ನಾರುಬಟ್ಟೆ, ಕೂದಲು, ಕಾಳುಗಳ ಕಾರ್ಬನ್-14 ಅಳತೆಯನ್ನು (ಜೀವಿ ಸತ್ತ ಮೇಲೆ ನಿಧಾನವಾಗಿ ಕರಗುವ ಈ ವಿಕಿರಣಶೀಲ ಇಂಗಾಲ ಎಷ್ಟು ಉಳಿದಿದೆ ಎಂಬುದರಿಂದ ವಯಸ್ಸು ತಿಳಿಯುವ ವಿಧಾನ) ಮಡಕೆಗಳ ಸರದಿಗೆ ಹೊಂದಿಸುತ್ತಾರೆ. ಇಂಥ ಅಳತೆಗಳಿಂದಲೇ ಮೊದಲ ರಾಜವಂಶದ ಅಹ ದೊರೆ ಪಟ್ಟಕ್ಕೆ ಬಂದದ್ದು ಸುಮಾರು ಕ್ರಿ.ಪೂ. 3100ರಲ್ಲಿ ಎಂದು 2013ರ ಅಧ್ಯಯನವೊಂದು ಲೆಕ್ಕ ಹಾಕಿತು. ಎಲ್ಲಿ, ಯಾವುದರ ಜೊತೆ ಸಿಕ್ಕಿತೆಂಬ ದಾಖಲೆಯಿಲ್ಲದ ಒಂಟಿ ಚೂರಿನಿಂದ ಇಷ್ಟೆಲ್ಲ ಹೊರಡದು.