ಇಂಧನದ ಪೂರ್ಣ ಲೆಕ್ಕ ಕೇಳಿದ ಕ್ಯಾಲಿಫೋರ್ನಿಯಾ

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ವಾತಾವರಣಕ್ಕೆ ಸೇರುತ್ತದೆ. ಆದರೆ ಕಚ್ಚಾತೈಲವನ್ನು ನೆಲದಾಳದಿಂದ ಮೇಲೆತ್ತಲು, ಸಂಸ್ಕರಿಸಲು, ಸಾಗಿಸಲು ಉರಿಸಿದ ಇಂಧನದ ಹೊಗೆಯೂ ಅದೇ ಲೀಟರಿನ ಖಾತೆಗೆ ಸೇರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯು 2009ರಲ್ಲಿ ಅಂಗೀಕರಿಸಿ 2011ರಿಂದ ಜಾರಿಗೆ ತಂದ ‘ಕಡಿಮೆ ಇಂಗಾಲದ ಇಂಧನ ಮಾನದಂಡ’ ಈ ಪೂರ್ಣ ಲೆಕ್ಕದ ಮೇಲೆ ನಿಂತಿದೆ.

ಈ ನಿಯಮವು ಯಾವ ಇಂಧನವನ್ನೂ ನಿಷೇಧಿಸುವುದಿಲ್ಲ. ಇಂಧನದ ಪ್ರತಿ ಮೆಗಾಜೂಲ್ ಶಕ್ತಿಗೆ ಉತ್ಪಾದನೆಯಿಂದ ಬಳಕೆಯವರೆಗೆ ಎಷ್ಟು ಗ್ರಾಂ ಹಸಿರುಮನೆ ಅನಿಲ ಹೊರಬೀಳುತ್ತದೆ ಎಂಬುದನ್ನು ಲೆಕ್ಕಹಾಕಿ, ವರ್ಷದಿಂದ ವರ್ಷಕ್ಕೆ ಇಳಿಯುವ ಮಿತಿಯೊಂದಿಗೆ ಹೋಲಿಸುತ್ತದೆ. ಮಿತಿಗಿಂತ ಕಡಿಮೆ ಇಂಗಾಲದ ಇಂಧನ ಒದಗಿಸಿದವರಿಗೆ ಕ್ರೆಡಿಟ್ ಸಿಗುತ್ತದೆ. ಮಿತಿ ಮೀರಿದವರು ಕ್ರೆಡಿಟ್ ಕೊಂಡು ಕೊರತೆ ತುಂಬಬೇಕು. ಒಂದು ಕ್ರೆಡಿಟ್ ಎಂದರೆ ಒಂದು ಮೆಟ್ರಿಕ್ ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಉಳಿತಾಯ.

ಹೆಚ್ಚು ವಾದಕ್ಕೆ ಗುರಿಯಾದದ್ದು ಮೆಕ್ಕೆಜೋಳದ ಎಥನಾಲ್. ಆಹಾರಕ್ಕೂ ಮೇವಿಗೂ ಹೋಗುತ್ತಿದ್ದ ಬೆಳೆ ಇಂಧನದತ್ತ ತಿರುಗಿದರೆ ಧಾನ್ಯದ ಬೆಲೆ ಏರುತ್ತದೆ, ದೂರದ ಇನ್ನೊಂದು ದೇಶದಲ್ಲಿ ಕಾಡೋ ಹುಲ್ಲುಗಾವಲೋ ಹೊಲವಾಗುತ್ತದೆ, ಆ ಮಣ್ಣಿನಲ್ಲಿಯೂ ಮರಗಳಲ್ಲಿಯೂ ಸಂಗ್ರಹವಾಗಿದ್ದ ಇಂಗಾಲ ಗಾಳಿಗೆ ಸೇರುತ್ತದೆ. ಈ ಪರೋಕ್ಷ ಹಾನಿಗೆಂದು ಮಂಡಳಿಯು ಮೊದಲು ಪ್ರತಿ ಮೆಗಾಜೂಲ್‌ಗೆ 30 ಗ್ರಾಂ ಸೇರಿಸಿತ್ತು. 2015ರ ಪರಿಷ್ಕರಣೆಯಲ್ಲಿ ಅದು ಸುಮಾರು 20ಕ್ಕೆ ಇಳಿಯಿತು. ಇದು ಯಾವ ಉಪಕರಣವೂ ನೇರವಾಗಿ ಅಳೆಯಲಾರದ, ಆರ್ಥಿಕ ಮಾದರಿಗಳು ಮಾತ್ರ ಕೊಡಬಲ್ಲ ಅಂಕಿ. ಹಾಗೆಂದು ಅದನ್ನು ಕೈಬಿಡಬೇಕೆಂಬ ವಾದವನ್ನು ನಾನು ಒಪ್ಪಲಾರೆ; ಕೈಬಿಡುವುದೆಂದರೆ ಹಾನಿಯೇ ಇಲ್ಲವೆಂದು ಸೊನ್ನೆ ಬರೆದಂತೆ, ಮತ್ತು ಲಭ್ಯವಿರುವ ಅಂದಾಜುಗಳಲ್ಲಿ ಅತ್ಯಂತ ಅಸಂಭವವಾದದ್ದು ಆ ಸೊನ್ನೆಯೇ.

ಹೊರರಾಜ್ಯಗಳ ಎಥನಾಲ್‌ಗೆ ತಾರತಮ್ಯವಾಗುತ್ತಿದೆ ಎಂಬ ದೂರು ನ್ಯಾಯಾಲಯಕ್ಕೂ ಹೋಯಿತು. ಇಂಗಾಲದ ಪ್ರಮಾಣವನ್ನು ಆಧರಿಸಿ ವ್ಯತ್ಯಾಸ ಮಾಡುವುದು ಮೂಲಸ್ಥಳವನ್ನು ನೋಡಿ ಮಾಡುವ ತಾರತಮ್ಯವಲ್ಲ ಎಂಬ ನೆಲೆಯಲ್ಲಿ 2013ರಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯವು ನಿಯಮದ ಪರವಾಗಿ ನಿಂತಿತು. ಮುಂದೆ ಆರೆಗನ್, ವಾಷಿಂಗ್ಟನ್ ರಾಜ್ಯಗಳೂ ಇಂಥದೇ ನಿಯಮ ತಂದವು.

ಸಗಣಿ ಗುಂಡಿಗಳ ಅನಿಲದ ವಿಷಯದಲ್ಲಿ ನನಗೆ ಆತಂಕವಿದೆ. ದೊಡ್ಡ ಹೈನುಶಾಲೆಗಳ ಗುಂಡಿಗಳಿಂದ ಸೋರಿಹೋಗುತ್ತಿದ್ದ ಮೀಥೇನ್ ಎಂಬ ಹಸಿರುಮನೆ ಅನಿಲವನ್ನು ಹಿಡಿದು ವಾಹನ ಓಡಿಸಿದರೆ, ತಪ್ಪಿದ ಸೋರಿಕೆಯನ್ನು ಕಳೆಯುವುದರಿಂದ ಲೆಕ್ಕ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. ಸೋರಲು ಬಿಡುವುದೇ ಸಹಜವೆಂದು ಊಹಿಸಿಕೊಂಡಾಗ ಮಾತ್ರ ಈ ಋಣ ಸಂಖ್ಯೆ ನಿಲ್ಲುತ್ತದೆ. ಸೋರಿಕೆ ತಡೆಯುವುದನ್ನು ಕಡ್ಡಾಯಗೊಳಿಸಿದರೆ ಅದಕ್ಕೆ ಆಧಾರವೇ ಉಳಿಯುವುದಿಲ್ಲ. 2024ರ ನವೆಂಬರ್‌ನಲ್ಲಿ ಮಂಡಳಿಯು ಇಂಧನದ ಇಂಗಾಲದ ಪ್ರಮಾಣದಲ್ಲಿ 2030ರೊಳಗೆ ಶೇ 30, 2045ರೊಳಗೆ ಶೇ 90ರಷ್ಟು ಇಳಿಕೆಯ ಗುರಿಯನ್ನು ಒಪ್ಪಿತು. ಗುರಿ ಇಷ್ಟು ಬಿಗಿಯಾದಾಗ ಋಣ ಸಂಖ್ಯೆಯ ಒಂದೊಂದು ಕ್ರೆಡಿಟ್ಟೂ ಬೇರೆಲ್ಲೋ ಉರಿಯುವ ಪೆಟ್ರೋಲಿಗೆ ಪರವಾನಗಿಯಾಗುವುದರಿಂದ, ಆ ಊಹೆಯ ಮರುಪರಿಶೀಲನೆ ಗುರಿಯಷ್ಟೇ ತುರ್ತಿನದು.