ಅನ್ಯಗ್ರಹದ ಜೀವಿಗೆ ಇತಿಹಾಸ ಹುಟ್ಟುವುದು ಎಲ್ಲಿಂದ?

ಕಥೆ ಬರೆಯಲು ನಾನು ಮೊದಲ ಸಲ ಕಟ್ಟಿದ ಏಲಿಯನ್ ಜನಾಂಗಕ್ಕೆ ನಾಲ್ಕು ಕೈ, ನೀಲಿ ಚರ್ಮ, ಹಣೆಯಲ್ಲೊಂದು ಕಣ್ಣು ಇತ್ತು. ಜೊತೆಗೆ ಹನ್ನೆರಡು ರಾಜರ ವಂಶಾವಳಿ, ಮೂರು ಮಹಾಯುದ್ಧ. ಇಪ್ಪತ್ತು ಪುಟ ತುಂಬಿದ ಮೇಲೆ ಕೂತು ಓದಿದೆ. ಎರಡು ಕೈ ಕತ್ತರಿಸಿ ಹಾಕಿದ್ದರೂ ಆ ಯುದ್ಧಗಳು ಹಾಗೇ ನಡೆಯುತ್ತಿದ್ದವು. ಬಣ್ಣ ಹಚ್ಚಿಕೊಂಡ ಮನುಷ್ಯರು, ಅಷ್ಟೆ.

ಈಗ ನಾನು ಹಿಡಿದಿರುವ ದಾರಿ ಬೇರೆ. ಮೈಯಲ್ಲಿ ಒಂದೇ ಒಂದು ದೊಡ್ಡ ವ್ಯತ್ಯಾಸ ಇಟ್ಟುಕೊಳ್ಳುತ್ತೇನೆ. ಅದರಿಂದ ಆ ಜೀವಿಗೆ ಏನು ಕಷ್ಟ ಅಂತ ಕೇಳಿಕೊಳ್ಳುತ್ತೇನೆ. ಕಷ್ಟಕ್ಕೆ ಅವರು ತಲೆತಲಾಂತರದಿಂದ ಹುಡುಕಿಕೊಂಡ ಉಪಾಯಗಳು, ಆ ಉಪಾಯಗಳಿಂದ ಎದ್ದ ಜಗಳಗಳು, ಇವೇ ಅವರ ಇತಿಹಾಸ. ಹೇಳಿದರೆ ಸುಲಭ ಅನ್ನಿಸುತ್ತದೆ. ಅದಕ್ಕೇ ಒಂದು ಜನಾಂಗವನ್ನು ಪೂರ್ತಿ ಕಟ್ಟಿ ತೋರಿಸುತ್ತೇನೆ.

ಆಕ್ಟೋಪಸ್‌ನಿಂದ ಏನು ಎತ್ತಿಕೊಳ್ಳಬೇಕು

ನಮ್ಮ ಭೂಮಿಯಲ್ಲೇ ಏಲಿಯನ್ ಥರ ಇರುವ ಪ್ರಾಣಿ ಇದು. ಮೂರು ಹೃದಯ. ರಕ್ತದಲ್ಲಿ ತಾಮ್ರ ಇರುವ ಹೀಮೋಸಯನಿನ್ ಅನ್ನುವ ಪ್ರೋಟೀನ್ ಇರುವುದರಿಂದ ರಕ್ತ ನೀಲಿ. ಸುಮಾರು 50 ಕೋಟಿ ನರಕೋಶ, ಅದರಲ್ಲಿ ಮೂರರಲ್ಲಿ ಎರಡು ಪಾಲು ತೋಳುಗಳಲ್ಲೇ ಇವೆ. ಬಹಳಷ್ಟು ಜಾತಿಗಳ ಆಯಸ್ಸು ಒಂದೆರಡು ವರ್ಷ ಮಾತ್ರ. ಮೊಟ್ಟೆ ಇಟ್ಟ ತಾಯಿ ಊಟ ಬಿಟ್ಟು ಕಾವಲು ಕೂರುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ.

ಕಲಿಯುವವರು ಸಾಮಾನ್ಯವಾಗಿ ನೀಲಿ ರಕ್ತ ಎತ್ತಿಕೊಂಡು ಹೊರಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ನೀಲಿ ರಕ್ತದಿಂದ ಕಥೆ ಹುಟ್ಟುವುದಿಲ್ಲ, ಗಾಯವಾದಾಗ ಬಣ್ಣ ಬೇರೆ ಕಾಣುತ್ತದೆ ಅಷ್ಟೆ. ಕಥೆ ಇರುವುದು ಕೊನೆಯ ಸಂಗತಿಯಲ್ಲಿ. ಮರಿ ಕಣ್ಣು ಬಿಡುವಾಗ ತಾಯಿ ಇಲ್ಲ. ಅಜ್ಜಿಯಂತೂ ಇಲ್ಲವೇ ಇಲ್ಲ. ಹಾಗಾದರೆ ಹಳೇ ಕಥೆ ಹೇಳುವವರು ಯಾರು?

ಎರ್ಣಿಗಳು

ಆಕ್ಟೋಪಸ್ ಥರದ ನನ್ನ ಜೀವಿಗಳಿಗೆ ಎರ್ಣಿ ಅಂತ ಹೆಸರಿಟ್ಟೆ. ಕಡಲಲ್ಲಿ ವಾಸ, ಬುದ್ಧಿ ಮನುಷ್ಯರಷ್ಟೇ, ತಲೆಮಾರು ನಾಲ್ಕು ವರ್ಷ. ಮೊದಲು ಲೆಕ್ಕ ಮಾಡಿಕೊಳ್ಳಿ. ನೂರು ವರ್ಷಕ್ಕೆ ಅವರದು 25 ತಲೆಮಾರು. ನಮ್ಮ ತಲೆಮಾರು 25 ವರ್ಷ ಅಂತ ಹಿಡಿದರೆ, 25 ತಲೆಮಾರು ಅಂದರೆ 625 ವರ್ಷ. ಅವರಿಗೆ ನೂರು ವರ್ಷದ ಹಿಂದಿನ ಒಪ್ಪಂದ ನಮಗೆ ಆರು ಶತಮಾನದ ಹಿಂದಿನ ಶಾಸನ ಇದ್ದ ಹಾಗೆ. ದೀರ್ಘಾಯುಷಿಗಳ ಜೊತೆ ಅವರು ಕರಾರು ಮಾಡಿಕೊಂಡರೆ ಏನಾಗಬಹುದು, ಯೋಚಿಸಿ.

ಇನ್ನು ತಾಯಿ. ಅವಳು ಗುಹೆಯಲ್ಲಿ ತಿಂಗಳುಗಟ್ಟಲೆ ಕೂರುತ್ತಾಳೆ. ಊಟ ಇಲ್ಲ, ಬೇರೆ ಕೆಲಸ ಇಲ್ಲ, ಸಾವು ಖಚಿತ. ಎಂಟು ತೋಳು ಸುಮ್ನೆ ಇರುತ್ತವಾ? ಗುಹೆಯ ಗೋಡೆ ಕೆತ್ತುತ್ತಾಳೆ. ಮರಿಗೆ ಹೇಳಬೇಕಾದದ್ದನ್ನೆಲ್ಲ ಅಲ್ಲಿ ಕೆತ್ತುತ್ತಾಳೆ. ಹೀಗೆ ಎರ್ಣಿಗಳ ಇತಿಹಾಸ ಬರೆದವರೆಲ್ಲ ಹಸಿದ, ಸಾಯುತ್ತಿರುವ ತಾಯಂದಿರು. ಗಂಡಸರು ಬರೆದ ಒಂದು ಸಾಲೂ ಇಲ್ಲ. ಮೊಟ್ಟೆ ಇಡದ ಹೆಂಗಸರೂ ಬರೆದಿಲ್ಲ. ಗೋಡೆಯ ಕೊನೆಯ ಸಾಲುಗಳು ಯಾವಾಗಲೂ ಸೊಟ್ಟ, ಅಕ್ಷರ ಆಳವಿಲ್ಲ, ಕೆಲವು ಅರ್ಧಕ್ಕೇ ನಿಂತಿವೆ. ತೋಳಲ್ಲಿ ಶಕ್ತಿ ಉಳಿದಿರುವುದಿಲ್ಲ. ಆದರೆ ಅತಿ ಮುಖ್ಯ ಅಂತ ಎಲ್ಲರೂ ನಂಬುವುದು ಆ ಅರ್ಧ ಸಾಲನ್ನೇ.

ಇಲ್ಲಿ ನಾನು ಎರಡು ವಾರ ಸಿಕ್ಕಿಕೊಂಡೆ. ಈಗತಾನೇ ಹೊರಬಂದ ಮರಿಗೆ ಓದು ಬರುವುದು ಹೇಗೆ? ಹುಟ್ಟುತ್ತಲೇ ಬರುತ್ತದೆ ಅಂದುಬಿಟ್ಟರೆ ಮೋಸ. ಕೊನೆಗೆ ಹೊಳೆದದ್ದು: ಎರಡು ವರ್ಷದ ಎರ್ಣಿಗಳು ಬಂದು ಓದಿಸುತ್ತಾರೆ. ಅವರು ಬೇರೆ ತಾಯಿಯ ಮಕ್ಕಳು. ನಿಮ್ಮಮ್ಮ ಏನು ಬರೆದಿದ್ದಾಳೆ ಅಂತ ಪರರು ಹೇಳಿಕೊಡುವುದು! ಅಧಿಕಾರ ಇರುವುದು ಅಲ್ಲೇ, ಅಲ್ವಾ? ಒಂದೇ ಅರ್ಧ ಸಾಲನ್ನು ಒಂದು ಗುಂಪು "ದಡಕ್ಕೆ ಹೋಗು" ಅಂತ ಓದಿಸಿತು, ಇನ್ನೊಂದು "ದಡಕ್ಕೆ ಹೋಗಬೇಡ" ಅಂತ. ಪಂಥ ಎರಡಾಯಿತು. ಯುದ್ಧ ನಾನು ತಂದು ಹಾಕಬೇಕಾಗಲಿಲ್ಲ, ತಾನಾಗಿ ಬಂತು. ಅದರಲ್ಲಿ ಅತಿ ದೊಡ್ಡ ಅಪರಾಧ ಕೊಲೆ ಅಲ್ಲ, ಗೋಡೆ ಕೆರೆಯುವುದು. ಕೆರೆದ ಗೋಡೆಯ ಗುಹೆಯಲ್ಲಿ ಕಣ್ಣು ಬಿಟ್ಟ ಮರಿಯೇ ನನ್ನ ಸರಣಿಯ ನಾಯಕಿ.

ಇನ್ನೊಂದು: ನೀರಿನೊಳಗೆ ಬೆಂಕಿ ಇಲ್ಲ. ಬೆಂಕಿ ಇಲ್ಲದಿದ್ದರೆ ಅದಿರು ಕರಗಿಸುವಂತಿಲ್ಲ, ಮಡಕೆ ಸುಡುವಂತಿಲ್ಲ. ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ ಅನ್ನುವ ನಮ್ಮ ವಿಂಗಡಣೆ ಅವರಿಗೆ ಅಂಟುವುದಿಲ್ಲ. ಲೋಹ ಬೇಕಾದರೆ ದಡದಲ್ಲಿರುವ, ಕೊಕ್ಕಿರುವ ಇನ್ನೊಂದು ಜನಾಂಗದವರ ಹತ್ತಿರ ಹೋಗಬೇಕು. ಆ ಅರ್ಧ ಸಾಲಿಗೆ ಅಷ್ಟು ಬೆಲೆ ಬಂದದ್ದು ಇದಕ್ಕೇ.

ಹೆಸರಿಗೆ ವರ್ಣಮಾಲೆ ಸಾಕು

ಎರ್ಣಿಗಳು ಮಾತಾಡುವುದು ಚರ್ಮದ ಬಣ್ಣದಲ್ಲಿ. ಹಾಗಾದರೆ ಎರ್ಣಿ ಅನ್ನುವ ಶಬ್ದ ಯಾರದು? ದಡದ ಕೊಕ್ಕಿನವರು ಇಟ್ಟದ್ದು. ಎಷ್ಟೋ ಜನಾಂಗಗಳ ಹೆಸರನ್ನು ನೆರೆಯವರೇ ಇಟ್ಟಿರುತ್ತಾರೆ, ಕೆಲವು ಸಲ ಬೈಗುಳವಾಗಿ.

ನಾನು ಮೊದಲು ಇಟ್ಟ ಹೆಸರು ಬೊಂಬುರ. ಕೊಕ್ಕಿಗೆ ತುಟಿ ಎಲ್ಲಿದೆ? ನಮ್ಮ ವರ್ಣಮಾಲೆ ಇಲ್ಲಿ ಬಲು ಉಪಕಾರಿ, ಅದು ಅಕ್ಷರಗಳನ್ನು ಜೋಡಿಸಿರುವುದೇ ಬಾಯಿಯ ಜಾಗದ ಪ್ರಕಾರ. ತುಟಿ ಇಲ್ಲದಿದ್ದರೆ ಪ, ಫ, ಬ, ಭ, ಮ ಐದೂ ಹೋದವು. ವ ಹೋಯಿತು. ತುಟಿ ದುಂಡಗೆ ಮಾಡಬೇಕಾದ ಉ, ಒ ಕೂಡ ಕಷ್ಟ. ಹಲ್ಲಿಲ್ಲದಿದ್ದರೆ ತ, ದ, ನ ಅನುಮಾನ. ಉಳಿದ ಅಕ್ಷರಗಳಲ್ಲಿ ಹೆಸರು ಕಟ್ಟಿದರೆ ಇಡೀ ಜನಾಂಗದ ಹೆಸರುಗಳಿಗೆ ಒಂದೇ ಧಾಟಿ ಬರುತ್ತದೆ. ಗಿಳಿಗೂ ತುಟಿ ಇಲ್ಲ, ಆದರೂ "ಅಮ್ಮ" ಅನ್ನುತ್ತದಲ್ಲ ಅಂತ ಯಾರಾದರೂ ಕೇಳಬಹುದು. ಗಿಳಿಯ ದನಿ ಹುಟ್ಟುವುದು ಶ್ವಾಸನಾಳದ ಬುಡದ ಸಿರಿಂಕ್ಸ್‌ನಲ್ಲಿ. ನಿಮ್ಮ ಜೀವಿಗೂ ಅದನ್ನು ಕೊಟ್ಟರೆ ಬೊಂಬುರ ನಡೆಯುತ್ತದೆ.

ಗಾತ್ರ, ವರ್ಷ

ಗಾತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೆಲಿಲಿಯೋ 1638ರಲ್ಲೇ ಹೇಳಿದ ಮಾತು ನೆನಪಿಟ್ಟರೆ ಸಾಕು. ಅದೇ ಆಕಾರದಲ್ಲಿ ಎತ್ತರ ಹತ್ತು ಪಟ್ಟಾದರೆ ತೂಕ ಸಾವಿರ ಪಟ್ಟು, ಆ ತೂಕ ಹೊರಬೇಕಾದ ಮೂಳೆಯ ಅಡ್ಡಕೊಯ್ತ ನೂರು ಪಟ್ಟು ಮಾತ್ರ. ದೈತ್ಯ ಜೇಡ ಬೇಕಾದರೆ ಮಾಯಾಶಕ್ತಿ ತನ್ನಿ, ಇಲ್ಲವೇ ಗುರುತ್ವ ಕಡಿಮೆ ಮಾಡಿ.

ವರ್ಷದ ಲೆಕ್ಕದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಪ್ರಾಕ್ಸಿಮಾ ಬಿ ಅನ್ನುವ ಗ್ರಹ 2016ರಲ್ಲಿ ಪತ್ತೆಯಾಯಿತು, ಇಲ್ಲಿಂದ ಸುಮಾರು 4.2 ಜ್ಯೋತಿರ್ವರ್ಷ ದೂರ. ಅದರ ಒಂದು ವರ್ಷ ನಮ್ಮ 11.2 ದಿನ. ಅಲ್ಲಿನ ಮುದುಕ "ನನಗೆ ಮುನ್ನೂರು ವರ್ಷ" ಅಂದರೆ ನಮ್ಮ ಲೆಕ್ಕದಲ್ಲಿ ಒಂಬತ್ತು ವರ್ಷದ ಹುಡುಗ! ಅಷ್ಟು ಹತ್ತಿರ ಸುತ್ತುವ ಗ್ರಹದ ಒಂದೇ ಮುಖ ಸದಾ ತನ್ನ ಸೂರ್ಯನ ಕಡೆ ಇರುವ ಸಾಧ್ಯತೆಯೂ ಇದೆ. ಆಗ ಹಗಲು, ರಾತ್ರಿ ಅನ್ನುವುದು ಹೊತ್ತಿನ ಹೆಸರಲ್ಲ, ಊರಿನ ಹೆಸರು. "ನಾಳೆ ಬಾ" ಅನ್ನುವುದಕ್ಕೇ ಅಲ್ಲಿ ಪದ ಇರಲಿಕ್ಕಿಲ್ಲ.

ಅಭ್ಯಾಸಕ್ಕೆ ಒಂದು

ಮರುಭೂಮಿ ಮಿಡತೆ ಒಂಟಿಯಾಗಿದ್ದಾಗ ತನ್ನ ಜಾತಿಯವರಿಂದ ದೂರ ಇರುತ್ತದೆ. ಜನಜಂಗುಳಿ ಜಾಸ್ತಿಯಾಗಿ ಮೈಗೆ ಮೈ ತಾಗಿದರೆ ನರಗಳಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಏರುತ್ತದೆ, ಕೆಲವೇ ಗಂಟೆಗಳಲ್ಲಿ ನಡವಳಿಕೆ ಬದಲಾಗಿ ಗುಂಪು ಸೇರುತ್ತದೆ. ಮುಂದೆ ಬಣ್ಣವೂ ಬದಲಾಗುತ್ತದೆ. ಇದನ್ನು ಬುದ್ಧಿ ಇರುವ ಜೀವಿಗೆ ಕೊಡಿ. ಅವರ ಊರುಗಳು ಹೇಗಿರುತ್ತವೆ? ಜಾತ್ರೆಗೆ ಹೋಗಿ ಬಂದ ಗಂಡನನ್ನು ಹೆಂಡತಿ ಒಳಗೆ ಬಿಟ್ಟುಕೊಳ್ಳುತ್ತಾಳಾ? ಗುಂಪಿನಲ್ಲಿದ್ದಾಗ ಮಾಡಿದ ಕೊಲೆಗೆ, ಒಂಟಿಯಾಗಿ ಮನೆಗೆ ಮರಳಿ ಅಳುತ್ತಾ ಕೂತವನನ್ನು ಹಿಡಿದು ಶಿಕ್ಷಿಸಬಹುದಾ? ಅವರ ಮೊದಲ ನ್ಯಾಯಾಧೀಶ ಈ ಪ್ರಶ್ನೆಗೆ ಕೊಟ್ಟ ತೀರ್ಪನ್ನು ಒಂದು ಪುಟದಲ್ಲಿ ಬರೆಯಿರಿ.